ಹಿಂದಕ್ಕೆ ತೆಗೆಯಬೇಕಿಲ್ಲದ ಸೈಟು

ಜನವರಿ 2, 1997, ಗುರುವಾರ. ಹಾಲ್ಸ್ ಗ್ಯಾಪ್.

ಈ ನೋಟುಬುಕ್ಕಿನ ಮೊದಲ ನಾಲ್ಕು ಪುಟಗಳಲ್ಲಿ ಬೀಜಗಣಿತವಿದೆ. ಆಮೇಲೆ ಎಲ್ಲ ಖಾಲಿ. ಹೋದ ಆಗಸ್ಟ್‌ನಲ್ಲಿ ಪರೀಕ್ಷೆಯ ಉತ್ತರಪತ್ರಿಕೆಯ ಮೇಲೆ ‘ನಾನು ಇದ್ಯಾವುದನ್ನೂ ಓದಿಲ್ಲ, ಏನಾದರೂ ಗೀಚಿ ನಿಮ್ಮ ಸಮಯ ಹಾಳು ಮಾಡುವುದಿಲ್ಲ’ ಎಂದು ಬರೆದಿಟ್ಟು ಎದ್ದು ಬಂದೆ. ಮತ್ತೆ ಶಾಲೆಗೆ ಹೋಗಲಿಲ್ಲ. ಅವತ್ತಿನಿಂದ ಅಪ್ಪ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ನಮ್ಮೂರು ಕಾಬ್ಡೆನ್ನಿನ ಶಾಲಾ ಬಸ್ಸು ಓಡಿಸುವವನು ಅವನೇ. ಊರ ಮಕ್ಕಳನ್ನೆಲ್ಲ ಶಾಲೆಗೆ ಮುಟ್ಟಿಸುವ ಕೀತ್‌ನ ಮಗಳೇ ನಡುದಾರಿಯಲ್ಲಿ ಇಳಿದುಬಿಟ್ಟಳಲ್ಲ ಎಂದು ಕ್ಷೌರದಂಗಡಿಯಲ್ಲಿ ಯಾರೋ ನಕ್ಕರಂತೆ.

ನನಗೆ ಈ ಪ್ರವಾಸಕ್ಕೆ ಬರುವ ಮನಸ್ಸಿರಲಿಲ್ಲ. ಬಂದದ್ದಕ್ಕೆ ಕಾರಣ ಒಂದೇ. ಒಂಬತ್ತನೇ ತಾರೀಕಿಗೆ ನಾವು ರೆನ್ಮಾರ್ಕ್ ಊರಿನಲ್ಲಿರುತ್ತೇವೆ. ಅಲ್ಲಿ ಗೆಳತಿ ಕೆರಿನ್‌ಳ ಚಿಕ್ಕಮ್ಮನ ತೋಟದಲ್ಲಿ ಒಣಗಿಸಲು ಏಪ್ರಿಕಾಟ್ ಕತ್ತರಿಸುವ ಕೆಲಸವಿದೆ, ಮಲಗಲು ಜಾಗವೂ ಇದೆ. ಒಂಬತ್ತರ ಬೆಳಿಗ್ಗೆ ಏಳಕ್ಕೆ ಬಾ ಎಂದು ಪತ್ರ ಬರೆದಿದ್ದಾಳೆ. ನಾನು ಅಲ್ಲೇ ಉಳಿದುಬಿಡುತ್ತೇನೆ. ಮನೆಯಲ್ಲಿ ಹೇಳಿಲ್ಲ. ಇದು ಸುಳ್ಳಲ್ಲ. ಯಾರೂ ಕೇಳಿಲ್ಲ, ಅಷ್ಟೆ. ಕೇಳಿದರೆ ಹೇಳುತ್ತೇನೆ.

ಇವತ್ತು ಕಾರಿನ ಹಿಂದೆ ಎಳೆದು ತಂದ ಚಕ್ರದ ಮನೆ, ನಮ್ಮ ಕ್ಯಾರವಾನನ್ನು, ನಿಲ್ಲಿಸಲು ಸೈಟು ಹುಡುಕುವುದರಲ್ಲೇ ಒಂದು ಗಂಟೆ ಹೋಯಿತು. ಪ್ರತಿ ವರ್ಷದ ಪದ್ಧತಿ: ಕ್ಯಾರವಾನ್ ಪಾರ್ಕಿನ ಕಚೇರಿಯ ಮುಂದೆ ಕಾರು ನಿಲ್ಲಿಸಿ, ನಮ್ಮನ್ನು ಬಿಸಿಲಲ್ಲಿ ಬೇಯಲು ಬಿಟ್ಟು, ಅಪ್ಪ ಜೇಬಿನಲ್ಲಿ ರಸಮಟ್ಟ ಇಟ್ಟುಕೊಂಡು ಖಾಲಿ ಸೈಟುಗಳನ್ನೆಲ್ಲ ನಡೆದು ನೋಡಿ ಬರುತ್ತಾನೆ. ನೆಲ ಸಮ ಇರಬೇಕು. ಗಾಳಿ ಬಾಗಿಲಿಗೆ ಹೊಡೆಯಬಾರದು. ಶೌಚದ ಕಟ್ಟಡ ಅರವತ್ತು ಹೆಜ್ಜೆಯ ಒಳಗಿರಬೇಕು, ಆದರೆ ಇಪ್ಪತ್ತು ಹೆಜ್ಜೆಗಿಂತ ಹತ್ತಿರ ಇರಬಾರದು. ಎಲ್ಲಕ್ಕಿಂತ ಮೊದಲನೆಯದು, ಎಂಥ ಬಿಸಿಲಿದ್ದರೂ ನೀಲಗಿರಿ ಮರದ ಕೆಳಗೆ ನಿಲ್ಲಿಸಬಾರದು. ಗಾಳಿಯೇ ಇಲ್ಲದ ಮಧ್ಯಾಹ್ನ ಅದು ಮನುಷ್ಯನ ಸೊಂಟದಷ್ಟು ದಪ್ಪದ ಕೊಂಬೆಯನ್ನು ಸದ್ದಿಲ್ಲದೆ ಕೆಡವುತ್ತದೆ. ನನಗೆ ಮಾತು ಬರುವ ಮೊದಲೇ ಈ ಪಾಠ ಬಂದಿತ್ತು.

ಆದರೆ ಇವತ್ತು ಅವನು ಮೂರು ಒಳ್ಳೆಯ ಸೈಟು ಬೇಡವೆಂದ. ಕೊನೆಗೆ ಹಿಡಿದದ್ದು ಎರಡು ದಾರಿಗಳ ನಡುವಿನ ಒಂದು ಪಟ್ಟಿ. ಒಂದು ಕಡೆಯಿಂದ ಒಳಗೆ ಬಂದು ಇನ್ನೊಂದು ಕಡೆ ನೇರ ಹೋಗಬಹುದು. ನೆಲ ಎಷ್ಟು ಇಳಿಜಾರೆಂದರೆ ಚಮಚ ಮೇಜಿನಿಂದ ತಾನಾಗಿ ಜಾರಿತು.

ತಂಗಿ ಟೆಸ್‌ಗೆ ಒಂಬತ್ತು ವರ್ಷ. ಅವಳಿಗೆ ಮಾತ್ರ ಖುಷಿ. ಚಮಚಗಳಿಗೆ ಓಟದ ಪಂದ್ಯ ಇಟ್ಟಿದ್ದಾಳೆ.

ಜನವರಿ 3, ಶುಕ್ರವಾರ. ಅಲ್ಲೇ.

ನೊಣ. ಬಿಸಿಲು. ಮತ್ತೆ ನೊಣ.

ಜನವರಿ 4, ಶನಿವಾರ. ಊಯೆನ್.

ದಿನವಿಡೀ ಗೋಧಿಯ ಕೂಳೆ, ರೈಲುಹಳಿ, ಉಗ್ರಾಣದ ಗೋಪುರ. ಪಾರ್ಕಿನಲ್ಲಿ ಅರ್ಧ ಸೈಟುಗಳು ಖಾಲಿ. ಅಪ್ಪ ಶೌಚದ ಕಟ್ಟಡಕ್ಕೆ ಅಂಟಿಕೊಂಡ ಸೈಟು ತೆಗೆದುಕೊಂಡ. ಬಾಗಿಲು ತೆರೆದರೆ ಗಂಡಸರು ಟವೆಲ್ ಹೊದ್ದು ಹೋಗುವುದು ಕಾಣುತ್ತದೆ.

ಅಮ್ಮ ಕೇಳಿದಳು: "ಕೀತ್, ಇಪ್ಪತ್ತು ಹೆಜ್ಜೆ ಅಂತಿದ್ದೆ. ಇದು ನಾಲ್ಕೂ ಇಲ್ಲ."

"ನಡಿಗೆ ಉಳೀತಲ್ಲ ಗ್ಲೆನ್."

"ಮೂಗು ಉಳಿಯುತ್ತಾ?"

ಅವನು ನಕ್ಕ. ನಗುತ್ತ ತಿರುಗಿದವನು ಎಡಗಡೆಯ ಬಾಗಿಲ ಚೌಕಟ್ಟಿಗೆ ಭುಜ ಬಡಿದುಕೊಂಡ. ನಿನ್ನೆಯೂ ಬಡಿದುಕೊಂಡಿದ್ದ. ಇದೂ ನೇರ ಒಳಗೆ ಬಂದು ನೇರ ಹೊರಗೆ ಹೋಗುವ ಸೈಟೇ.

ಇನ್ನು ಐದು ದಿನ.

ಜನವರಿ 5, ಭಾನುವಾರ. ಮಿಲ್ಡೂರಾ.

ಇವತ್ತು ಬರೆಯಲೇಬೇಕು.

ರಜೆಯ ಜನ ತುಂಬಿ, ಇಡೀ ಪಾರ್ಕಿನಲ್ಲಿ ಉಳಿದಿದ್ದದ್ದು ಒಂದೇ ಸೈಟು. ಎರಡು ಕ್ಯಾರವಾನ್‌ಗಳ ನಡುವೆ, ಹಿಂದೆ ಬೇಲಿ. ಹಿಂದಕ್ಕೆ ತೆಗೆದೇ ನಿಲ್ಲಿಸಬೇಕು. ಸಂಜೆ ನಾಲ್ಕೂವರೆ. ಹೊಸದಾಗಿ ಬಂದವರು ಕ್ಯಾರವಾನ್ ಹಿಂದಕ್ಕೆ ತೆಗೆಯುವುದನ್ನು ನೋಡುವುದು ಎಲ್ಲ ಪಾರ್ಕುಗಳಲ್ಲೂ ಆ ಹೊತ್ತಿನ ನಾಟಕ. ಮಡಚುವ ಕುರ್ಚಿಗಳನ್ನೆಲ್ಲ ನಮ್ಮ ಕಡೆ ತಿರುಗಿಸಿಕೊಂಡು, ಬನಿಯನ್ ಹಾಕಿದ ಗಂಡಸರು ಬಿಯರ್ ಹಿಡಿದು ಕೂತಿದ್ದರು. ನಮಗೆ ಅದರಿಂದ ಎಂದೂ ಅಂಜಿಕೆ ಇರಲಿಲ್ಲ. ಅಪ್ಪ ಒಂದೇ ಏಟಿಗೆ ಒಳಗೆ ಸೇರಿಸುತ್ತಿದ್ದ. ಹೋದ ವರ್ಷ ಒಬ್ಬ ಮುದುಕ ಎದ್ದು ನಿಂತು ಚಪ್ಪಾಳೆ ತಟ್ಟಿದ್ದ.

ಅಮ್ಮ ಎಂದಿನಂತೆ ಹಿಂದೆ ಎಡಮೂಲೆಯಲ್ಲಿ ನಿಂತು ಕೈಸನ್ನೆ ಮಾಡಿದಳು. ಹದಿನೆಂಟು ವರ್ಷದಿಂದ ಮಾಡುತ್ತಿರುವ ಅದೇ ಸನ್ನೆ. ‘ನಿಲ್ಲಿಸು’ ಎಂದು ಎರಡೂ ಅಂಗೈ ತೋರಿಸಿದಳು. ಅಪ್ಪ ನಿಲ್ಲಿಸಲಿಲ್ಲ. ಕೂಗಿದಳು. ಕ್ಯಾರವಾನಿನ ಮೂಲೆ ನೀರಿನ ನಲ್ಲಿಯ ಕಂಬಕ್ಕೆ ಬಡಿದು ನಲ್ಲಿ ಮುರಿಯಿತು. ನೀರು ಪಕ್ಕದವರ ಗುಡಾರದ ಎತ್ತರಕ್ಕೆ ಚಿಮ್ಮಿತು. ಮಕ್ಕಳೆಲ್ಲ ಓಡಿಬಂದು ಅದರಲ್ಲಿ ಕುಣಿದರು, ಟೆಸ್ ಕೂಡ.

"ಸರಿಯಾಗಿ ಕೈ ತೋರಿಸೋಕೆ ಬರಲ್ವಾ ನಿನಗೆ?" ಅಪ್ಪ ಕಿಟಕಿಯಿಂದ ತಲೆ ಹೊರಹಾಕಿ ಕಿರುಚಿದ. ಅಷ್ಟೂ ಕುರ್ಚಿಗಳ ಮುಂದೆ.

"ಕ್ಷಮಿಸು ಕೀತ್. ನಾನು ಬೇಗ ತೋರಿಸಬೇಕಿತ್ತು," ಎಂದಳು ಅಮ್ಮ. ತೊಯ್ದ ಅಂಗಿ ಮೈಗೆ ಅಂಟಿತ್ತು.

ಅವಳು ಬೇಗವೇ ತೋರಿಸಿದ್ದಳು. ನಾನು ಕಣ್ಣಾರೆ ನೋಡಿದೆ. ಅವಳು ಎಡಗನ್ನಡಿಯ ನಟ್ಟನಡುವೆ ನಿಂತಿದ್ದಳು.

ಜನವರಿ 6, ಸೋಮವಾರ. ಮಿಲ್ಡೂರಾ.

ಬೆಳಿಗ್ಗೆ ಅಮ್ಮ, ಟೆಸ್ ಬಟ್ಟೆ ಒಗೆಯಲು ಹೋದಾಗ ಅಪ್ಪ ಹೊರಗೆ ಕುರ್ಚಿಯಲ್ಲಿ ಕೂತಿದ್ದ. ನಾನು ಟೀ ತೆಗೆದುಕೊಂಡು ಹೋಗಿ ಅವನ ಎಡಗಡೆ ನಿಂತೆ. ಸದ್ದು ಮಾಡಲಿಲ್ಲ. ಲೋಟ ಅವನ ಕಿವಿಯಿಂದ ಒಂದು ಗೇಣು ದೂರದಲ್ಲಿತ್ತು. ನಾನು ನೂರು ಎಣಿಸಿದೆ. ಅವನು ನದಿಯನ್ನೇ ನೋಡುತ್ತ ಕೂತಿದ್ದ.

"ಅಪ್ಪ, ಟೀ."

ಬೆಚ್ಚಿಬಿದ್ದ. "ನೀನು ಯಾವಾಗ ಬಂದೆ?"

ಐದು ತಿಂಗಳಲ್ಲಿ ಅವನು ನನಗೆ ಹೇಳಿದ ಮೊದಲ ಮಾತು ಅದು.

"ಆಗಲೇ ಬಂದೆ. ಆ ಕಡೆ ಕಾಣಲ್ವಾ ನಿನಗೆ?"

ಲೋಟವನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಆಮೇಲೆ ಹೇಳಿದ. ಅಕ್ಟೋಬರ್‌ನಲ್ಲಿ ಶೆಡ್ಡಿನಲ್ಲಿ ಒಂದು ಮಧ್ಯಾಹ್ನ ತಲೆ ಸುತ್ತಿ ಕೂತಿದ್ದನಂತೆ. ಸೆಖೆ ಎಂದುಕೊಂಡನಂತೆ. ಎದ್ದಾಗ ನೋಟದ ಎಡಭಾಗ ಹೋಗಿತ್ತು, ಎರಡೂ ಕಣ್ಣಲ್ಲಿ.

"ಕಪ್ಪಗೆ ಕಾಣುತ್ತಾ?"

"ಕಪ್ಪಲ್ಲ. ಕಪ್ಪಾಗಿದ್ರೆ ಅದೂ ಏನೋ ಒಂದು ಕಂಡ ಹಾಗೆ. ಆ ಕಡೆ ಲೋಕವೇ ಇಲ್ಲ ಅಷ್ಟೆ. ತಲೆ ತಿರುಗಿಸಿ ಹುಡುಕಬೇಕು."

"ಡಾಕ್ಟರ್ ಹತ್ರ ಹೋದ್ಯಾ?"

"ಹೋದ್ರೆ ಲೈಸೆನ್ಸ್ ಹೋಗುತ್ತೆ."

"ಅಕ್ಟೋಬರ್‌ನಿಂದ ಬಸ್ಸು ಓಡಿಸಿದೆ. ಮಕ್ಕಳನ್ನ ಕೂರಿಸ್ಕೊಂಡು."

ಅವನು ಟೀ ಲೋಟದೊಳಗೆ ನೋಡಿದ. "ಬಸ್ಸಿನ ಕನ್ನಡಿ ದೊಡ್ಡದು ಬ್ರಾನ್."

ಅಮ್ಮನಿಗೆ ಹೇಳುತ್ತೇನೆಂದು ಹೊರಟೆ. ಅವನು ಕೈ ಹಿಡಿದ. ಹಿಡಿಯಲು ಎರಡು ಸಲ ತಡಕಬೇಕಾಯಿತು.

"ಈ ರಜೆ ಮುಗೀಲಿ ಕಣೆ. ನಾನು ಕ್ಯಾರವಾನ್ ಎಳ್ಕೊಂಡು ಬರೋದು ಇದೇ ಕೊನೆ ಸಲ. ಮನೆಗೆ ಹೋದ ದಿನವೇ ನಾನೇ ಹೇಳ್ತೀನಿ. ಶಾಲೆ ಶುರುವಾಗೋದು ತಿಂಗಳ ಕೊನೆಗೆ. ಅಷ್ಟರೊಳಗೆ."

"ನಾನು ಸುಳ್ಳು ಹೇಳಲ್ಲ, ನಿನಗೆ ಗೊತ್ತು."

"ಸುಳ್ಳು ಹೇಳು ಅಂದ್ನಾ? ಸುಮ್ನಿರು ಅಂದೆ. ಅವಳು ಕೇಳಿದ್ರೆ ಹೇಳು."

ಇದು ನನ್ನದೇ ಮಾತು. ನಾನು ಕೆರಿನ್‌ಳ ಪತ್ರವನ್ನು ಬಟ್ಟೆಯ ಚೀಲದ ತಳದಲ್ಲಿಟ್ಟು ಹೇಳಿಕೊಂಡ ಮಾತು. ಅವನ ಬಾಯಲ್ಲಿ ಕೇಳಿದಾಗ ಅಸಹ್ಯವಾಯಿತು.

ಆದರೂ ಒಪ್ಪಿದೆ. ಒಂದು ಷರತ್ತು ಹಾಕಿದೆ: ಮುಂದಿನ ಸೀಟಿನಲ್ಲಿ ನಾನು ಕೂರುತ್ತೇನೆ, ಎಡಗಡೆಯದನ್ನು ನಾನು ಹೇಳುತ್ತೇನೆ. ಮೂರು ದಿನ ತಾನೆ. ಆಮೇಲೆ ನಾನಿರುವುದಿಲ್ಲ. ಆಮೇಲೆ ಎಡಗಡೆಯನ್ನು ಯಾರು ಹೇಳುತ್ತಾರೆ ಎಂದು ಅವನು ಕೇಳಲಿಲ್ಲ. ಅವನಿಗೆ ಗೊತ್ತಿಲ್ಲವಲ್ಲ.

ಜನವರಿ 7, ಮಂಗಳವಾರ. ಲೇಕ್ ಕಲ್ಲುಲರೇನ್.

ಅರವತ್ತೇ ಕಿಲೋಮೀಟರ್. ಇಡೀ ದಿನ ಕಲ್ಲು ಹೊತ್ತಷ್ಟು ಸುಸ್ತು.

"ಎಡಗಡೆ ಖಾಲಿ. ಕಂಬ. ಖಾಲಿ. ಲಾರಿ ನಿಂತಿದೆ. ಖಾಲಿ." ಮೆಲ್ಲಗೆ, ಹಿಂದಿನ ಸೀಟಿಗೆ ಕೇಳಿಸದ ಹಾಗೆ. ಊರು ದಾಟುವಾಗ ಸೈಕಲ್ಲಿನಲ್ಲಿ ಒಬ್ಬ ಹೆಂಗಸು, ಹಿಂದೆ ಮಗುವಿನ ಸೀಟು. ನಾನು "ಸೈಕಲ್" ಎನ್ನುವಷ್ಟರಲ್ಲಿ ಅವಳು ನನ್ನ ಕಿಟಕಿಯ ಪಕ್ಕದಲ್ಲೇ ಇದ್ದಳು. ಅವಳ ಮುಖದ ಮಚ್ಚೆ ಕಾಣಿಸಿತು. ಅಪ್ಪ ಬಲಕ್ಕೆ ಎಳೆದ. ಅವಳು ಬೈದದ್ದು ನನಗೆ ಕೇಳಿಸಿತು, ಹಿಂದೆ ಕೂತವರಿಗೆ ಕೇಳಿಸಲಿಲ್ಲ.

ಅಮ್ಮ ಹಿಂದಿನಿಂದ ನನ್ನ ಭುಜ ತಟ್ಟಿದಳು. "ಅಪ್ಪ ಮಗಳು ಇಷ್ಟೊಂದು ಮಾತಾಡೋದು ನೋಡಿ ಎಷ್ಟು ದಿನ ಆಯ್ತು," ಎಂದಳು. ಕನ್ನಡಿಯಲ್ಲಿ ಅವಳ ಕಣ್ಣು ತುಂಬಿದ್ದು ಕಾಣಿಸಿತು. ಅವಳಿಗೆ ಇದು ರಾಜಿ.

ಅಪ್ಪ ನಿಜವಾಗಿಯೂ ಮಾತಾಡುತ್ತಿದ್ದಾನೆ. ತಾನು ಹದಿನೇಳರಲ್ಲಿ ಹಾಲಿನ ಟ್ಯಾಂಕರ್ ಓಡಿಸಲು ಶುರು ಮಾಡಿದ್ದು, ಮೊದಲ ವಾರವೇ ಸೇತುವೆಯ ಕಂಬಿ ಮುರಿದದ್ದು. ತಮಾಷೆಯಾಗಿ ಹೇಳುತ್ತಾನೆ. ಚೆನ್ನಾಗಿತ್ತು, ಕೇಳಲು. ಅದೇ ಕಷ್ಟ.

ಜನವರಿ 8, ಬುಧವಾರ. ರೆನ್ಮಾರ್ಕ್.

ಬೆರಳು ನೋಯುತ್ತಿದೆ, ಆದರೂ ಎಲ್ಲ ಬರೆದುಬಿಡುತ್ತೇನೆ.

ರಾಜ್ಯದ ಗಡಿ ದಾಟಿದ ಮೇಲೆ ಹಣ್ಣಿನ ತಪಾಸಣೆ. ಹಣ್ಣಿನ ನೊಣ ಬಾರದಿರಲೆಂದು ಒಂದು ಹಣ್ಣನ್ನೂ ಒಳಗೆ ಬಿಡುವುದಿಲ್ಲ. ತಪಾಸಣೆಗೆ ಎರಡು ಕಿಲೋಮೀಟರ್ ಮುಂಚೆ ರಸ್ತೆಯ ಪಕ್ಕ ನಿಲ್ಲಿಸಿ ಆರು ಪೀಚ್, ಮೂರು ಟೊಮೆಟೊ, ಒಂದು ಗೊಂಚಲು ದ್ರಾಕ್ಷಿಯನ್ನು ನಿಂತುಕೊಂಡೇ ತಿಂದೆವು. ಎಲ್ಲ ಕಾರಿನವರೂ ಅದನ್ನೇ ಮಾಡುತ್ತಿದ್ದರು, ಗಲ್ಲದ ಮೇಲೆ ರಸ ಸುರಿಸಿಕೊಂಡು. ಅಧಿಕಾರಿ ಬಗ್ಗಿ ಕೇಳಿದ: "ಏನಾದ್ರೂ ಉಳಿಸ್ಕೊಂಡಿದೀರಾ?"

"ಏನೂ ಇಲ್ಲ," ಎಂದ ಅಪ್ಪ.

"ನನ್ನ ಹತ್ರ ಒಂದು ಪೀಚ್ ಇದೆ," ಎಂದಳು ಟೆಸ್, ಅಳುಮುಖ ಮಾಡಿ. ಚಡ್ಡಿಯ ಜೇಬಿನಲ್ಲಿತ್ತು. ಅಧಿಕಾರಿ ನಗುತ್ತ ಅದನ್ನು ಡಬ್ಬಕ್ಕೆ ಹಾಕಿಸಿದ. "ಇವಳಿಗೆ ಅಕ್ಕನ ಗಾಳಿ ಹೊಡೆದಿದೆ," ಎಂದಳು ಅಮ್ಮ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ರೆನ್ಮಾರ್ಕ್‌ನಲ್ಲಿ ನಲವತ್ತೆರಡು ಡಿಗ್ರಿ. ಎಲೆ ಅಲ್ಲಾಡುತ್ತಿರಲಿಲ್ಲ. ಪಾರ್ಕಿನಲ್ಲಿ ಸೈಟುಗಳು ಬೇಕಾದಷ್ಟಿದ್ದವು. ಅಪ್ಪ ಹೊರಟಾಗ ನಾನೂ ಇಳಿದು ಜೊತೆಗೆ ನಡೆದೆ. ಹನ್ನೊಂದನೇ ನಂಬರಿನದು ಸಮವಾಗಿತ್ತು, ಕಟ್ಟಡಕ್ಕೆ ನಲವತ್ತು ಹೆಜ್ಜೆ, ಪೂರ್ವಕ್ಕೆ ಬಾಗಿಲು. ಆದರೆ ಹಿಂದಕ್ಕೆ ತೆಗೆದು ನಿಲ್ಲಿಸಬೇಕು. ಅವನು ಮುಂದೆ ಹೋದ. ಇನ್ನೆರಡು ಹಾಗೆಯೇ. ನದಿಯ ದಂಡೆಗೆ ಬಂದು ನಿಂತ. "ಇದು," ಎಂದ.

ನೇರ ಒಳಗೆ, ನೇರ ಹೊರಗೆ. ಮೇಲೆ ಒಂದು ಕೆಂಪು ನೀಲಗಿರಿ. ನಾಲ್ವರು ಕೈ ಹಿಡಿದರೂ ತಬ್ಬಲಾಗದ ಬುಡ. ಒಂದು ಕೊಂಬೆ ಸರಿಯಾಗಿ ಸೈಟಿನ ಉದ್ದಕ್ಕೂ ಚಾಚಿತ್ತು.

"ಮೇಲೆ ನೋಡು ಅಪ್ಪ."

"ನೆರಳಿದೆ."

"ಮೇಲೆ ನೋಡು."

ನೋಡಲಿಲ್ಲ. ಹೋಗಿ ಕಾರು ತಂದು ಮರದ ಕೆಳಗೆ ನಿಲ್ಲಿಸಿದ. ಕ್ಯಾರವಾನನ್ನು ಕಾರಿನಿಂದ ಬಿಡಿಸಲು ಮುಂದಿನ ಚಿಕ್ಕ ಚಕ್ರ ಇಳಿಸುವುದು ಪ್ರತಿ ಸಲವೂ ನನ್ನ ಕೆಲಸ. ನಾನು ಕೈಕಟ್ಟಿ ನಿಂತೆ.

"ಚಕ್ರ ಇಳಿಸು ಬ್ರಾನ್."

"ಇಳಿಸಲ್ಲ."

"ನಿನ್ನ ಹಟಕ್ಕೆ ಒಂದು ಮಿತಿ ಇಲ್ವಾ? ಶಾಲೆಯಲ್ಲೂ ಅದೇ, ಇಲ್ಲೂ ಅದೇ."

"ಇಳಿಸಲ್ಲ ಅಪ್ಪ. ಇಲ್ಲಿ ಟೆಸ್ ಮಲಗ್ತಾಳೆ."

ಅಮ್ಮ ಇಳಿದು ಬಂದಳು. ಕತ್ತೆತ್ತಿ ಕೊಂಬೆಯನ್ನು ನೋಡಿದಳು. ಬಹಳ ಹೊತ್ತು ನೋಡಿದಳು. "ಕೀತ್. ನೀನು? ನೀಲಗಿರಿ ಕೆಳಗೆ?"

ನಾನು ಅಪ್ಪನ ಮುಖ ನೋಡಿದೆ. ಹೇಳು, ನೀನೇ ಹೇಳು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅವನು ಕಾರಿನ ಕೀಲಿಯನ್ನು ತಿರುಗಿಸುತ್ತ ನಿಂತ.

ಅಮ್ಮ ನನ್ನ ಕಡೆ ತಿರುಗಿದಳು. "ಏನು ನಡೀತಿದೆ ಇಲ್ಲಿ? ಬ್ರಾನ್, ನೀನು ಹೇಳು."

ಕೇಳಿದಳು. ಹೇಳಿದೆ.

ಎಲ್ಲ ಹೇಳಿದೆ: ಶೆಡ್ಡು, ಎಡಭಾಗ, ನಲ್ಲಿ, ಸೈಕಲ್ಲಿನ ಹೆಂಗಸು, ಬಸ್ಸು. ಹೇಳುತ್ತ ಹೋದ ಹಾಗೆ ಅಮ್ಮನ ಮುಖದಲ್ಲಿ ಏನೂ ಬದಲಾಗಲಿಲ್ಲ. ಅದೇ ನನಗೆ ಭಯ ಹುಟ್ಟಿಸಿತು. ಮುಗಿದ ಮೇಲೆ ಅವಳು ಅಪ್ಪನಿಗೆ ಒಂದೇ ಮಾತು ಹೇಳಿದಳು.

"ಅಷ್ಟೂ ಜನರ ಮುಂದೆ ನನ್ನ ಕೈಲಿ ಕ್ಷಮೆ ಕೇಳಿಸಿದೆ."

"ಗ್ಲೆನ್..."

"ಕೀಲಿ ಕೊಡು."

ಕೊಟ್ಟ. ಆಮೇಲೆ ಅವಳು ನನಗೆ ಕೇಳಿದಳು: "ನಿನಗೆ ಯಾವತ್ತು ಗೊತ್ತಾಯ್ತು?"

"ಸೋಮವಾರ."

"ಇವತ್ತು ಬುಧವಾರ. ಎರಡು ದಿನ ನನ್ನ ಮಗು ಆ ಕಾರಿನ ಹಿಂದಿನ ಸೀಟಲ್ಲಿತ್ತು. ನೀನು, ಸತ್ಯವಂತೆ, ನನ್ನ ಮುಂದಿನ ಸೀಟಲ್ಲೇ ಕೂತು ಖಾಲಿ ಖಾಲಿ ಅಂತ ಪಿಸುಗುಟ್ತಿದ್ದೆ. ನಾನು ಅದನ್ನ ನೋಡಿ ಖುಷಿಪಟ್ಟೆ."

‘ನೀನು ಕೇಳಲಿಲ್ಲ’ ಎಂದು ಹೇಳಲು ಬಾಯಿ ಬರಲಿಲ್ಲ.

ಕ್ಯಾರವಾನನ್ನು ಅಲ್ಲಿಂದ ತೆಗೆಯಬೇಕಲ್ಲ. ಅಮ್ಮ ಕೀಲಿ ನನ್ನತ್ತ ಚಾಚಿದಳು. "ನೀನೇ ಹನ್ನೊಂದಕ್ಕೆ ಹಾಕು. ಹುಲ್ಲಿನ ಟ್ರೇಲರ್ ಹಿಂದಕ್ಕೆ ತೆಗೀತಿಯಲ್ಲ, ನೀನು ಕೆಲಸಕ್ಕೆ ಹೋಗೋ ಆ ಹಾಲಿನ ಡೈರಿಯಲ್ಲಿ."

ತೆಗೆಯುತ್ತೇನೆ, ಹನ್ನೆರಡನೇ ವಯಸ್ಸಿನಿಂದ. ಆದರೆ ನಾಳೆ ನಾನಿರುವುದಿಲ್ಲ. ರಸ್ತೆಯಲ್ಲಿ ಎಳೆಯಲು ನನಗೆ ಲೈಸೆನ್ಸೂ ಇಲ್ಲ. ಮನೆಯವರೆಗೆ ಇದನ್ನು ಒಯ್ಯಬಲ್ಲವಳು ಅವಳೊಬ್ಬಳೇ. ಕಾರು ಓಡಿಸುತ್ತಾಳೆ, ಆದರೆ ಇವತ್ತಿನವರೆಗೆ ಕ್ಯಾರವಾನಿನ ಹಿಂದೆ ನಿಂತವಳೇ ಹೊರತು ಮುಂದೆ ಕೂತು ಎಳೆದವಳಲ್ಲ.

"ನೀನು ಹಾಕು ಅಮ್ಮ. ನಾನು ಹೇಳಿಕೊಡ್ತೀನಿ."

ನಾಲ್ಕು ಗಂಟೆ ಆಗಿತ್ತು. ಕುರ್ಚಿಗಳು ತಿರುಗತೊಡಗಿದ್ದವು.

ನಾನು ಪಕ್ಕದ ಸೀಟಿನಲ್ಲಿ ಕೂತೆ. "ಸ್ಟಿಯರಿಂಗಿನ ತಳ ಹಿಡಿ. ಮೇಲೆ ಅಲ್ಲ, ತಳ. ಹಿಂಭಾಗ ಯಾವ ಕಡೆ ಹೋಗಬೇಕೋ ಕೈಯನ್ನ ಆ ಕಡೆಗೇ ತಳ್ಳು. ಬೇರೆ ಏನೂ ಯೋಚನೆ ಮಾಡಬೇಡ. ಕೆಟ್ಟರೆ ಮುಂದಕ್ಕೆ ಹೋಗಿ ಮತ್ತೆ ಮಾಡು. ಅವಸರ ಇಲ್ಲ."

ಮೊದಲ ಸಲ ಕ್ಯಾರವಾನ್ ಮಡಚಿಕೊಂಡು ಕಾರಿಗೇ ಬಡಿಯುವಂತಾಯಿತು. ಎರಡನೇ ಸಲ ಹತ್ತನೇ ಸೈಟಿಗೆ ಹೋಯಿತು. ಅಲ್ಲಿದ್ದ ಮುದುಕಿ ತನ್ನ ಹೂಕುಂಡಗಳನ್ನು ಮೆಲ್ಲಗೆ ಎತ್ತಿಟ್ಟಳು. ಹಸಿರು ಬನಿಯನ್ನಿನ ಒಬ್ಬ ಎದ್ದು ಬಂದು ಕಿಟಕಿಗೆ ಬಗ್ಗಿದ.

"ಕೀಲಿ ಕೊಡಿ ತಾಯಿ, ನಾನು ಒಂದೇ ಏಟಿಗೆ ಹಾಕಿಕೊಡ್ತೀನಿ. ಯಜಮಾನ್ರು ಸುಮ್ನೆ ನಿಂತಿದಾರಲ್ಲ?"

"ನಿಂತಿರಲಿ," ಎಂದಳು ಅಮ್ಮ. "ನೀವೂ ನಿಂತ್ಕೊಳ್ಳಿ. ನಿಂತ್ಕೊಳ್ಳೋಕೆ ಜಾಗ ಬೇಕಾದಷ್ಟಿದೆ."

ಕುರ್ಚಿಗಳ ಕಡೆಯಿಂದ ದೊಡ್ಡ ನಗು. ಅವನು ಹೋಗಿ ಕೂತ.

ಐವತ್ತು ನಿಮಿಷ ಹಿಡಿಯಿತು. ಹದಿನೇಳು ಸಲ, ಟೆಸ್ ಲೆಕ್ಕ ಇಟ್ಟಿದ್ದಾಳೆ. ಅಮ್ಮನ ಬೆವರು ಸ್ಟಿಯರಿಂಗಿನ ಮೇಲೆ ತೊಟ್ಟಿಕ್ಕುತ್ತಿತ್ತು. ಕೊನೆಗೆ ಕ್ಯಾರವಾನ್ ಹನ್ನೊಂದರಲ್ಲಿ ನಿಂತಿತು, ಸ್ವಲ್ಪ ಸೊಟ್ಟಗೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಮುದುಕಿ ಹೂಕುಂಡಗಳನ್ನು ಮತ್ತೆ ಅದೇ ಜಾಗಕ್ಕೆ ಇಟ್ಟಳು.

ಅಷ್ಟೂ ಹೊತ್ತು ಅಪ್ಪ ನೀಲಗಿರಿಯ ಬುಡದಲ್ಲೇ ನಿಂತಿದ್ದ. ಕರೆಯಲು ಹೋದೆ. ಅವನು ಮೇಲೆ ನೋಡುತ್ತಿದ್ದ.

"ನಾನು ಆ ಕೊಂಬೆ ನೋಡಿರಲಿಲ್ಲ ಅನ್ಕೊಂಡ್ಯಾ?" ಎಂದ. "ನೋಡಿದ್ದೆ."

ಜನವರಿ 9, ಗುರುವಾರ. ರೆನ್ಮಾರ್ಕ್.

ಬೆಳಿಗ್ಗೆ ಆರಕ್ಕೆ ಎದ್ದು ನದಿಯ ದಂಡೆಗೆ ಹೋಗಿ ನೋಡಿದೆ. ಕೊಂಬೆ ಬಿದ್ದಿರಲಿಲ್ಲ. ಕೆಳಗೆ ನಾಲ್ಕು ಒಣ ಕಾಯಿ, ಸ್ವಲ್ಪ ತೊಗಟೆ. ಬಿದ್ದಿದ್ದರೆ ನಾನು ಸರಿ ಎಂದಾಗುತ್ತಿತ್ತು. ಬೀಳಲಿ ಎಂದು ಒಂದು ಕ್ಷಣ ಬಯಸಿದ್ದೂ ನಿಜ. ಬರೆದಿಡುತ್ತಿದ್ದೇನೆ.

ಎಂಟು ಗಂಟೆಗೆ ಅಮ್ಮ ಅಪ್ಪನನ್ನು ಇಲ್ಲಿನ ಡಾಕ್ಟರ ಬಳಿ ಕರೆದೊಯ್ದಳು. ಟೆಸ್‌ಳನ್ನು ನೋಡಿಕೊಳ್ಳಲು ಒಬ್ಬರು ಬೇಕಿತ್ತು. ಏಳು ಗಂಟೆ ಆಗಲೇ ದಾಟಿತ್ತು, ನಾನು ತೋಟಕ್ಕೆ ಹೋಗಲಿಲ್ಲ. ಮಧ್ಯಾಹ್ನ ಬಂದರು. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತಂತೆ, ಹೋದ ನೋಟ ಬರುವುದಿಲ್ಲವಂತೆ, ಮಾತ್ರೆ ಕೊಟ್ಟಿದ್ದಾರೆ. ಗಾಡಿ ಓಡಿಸುವಂತಿಲ್ಲ. ಅಮ್ಮ ಅಷ್ಟನ್ನೂ ಟೆಸ್‌ಗೆ ಹೇಳಿದಳು, ನನಗಲ್ಲ. ನಾನು ಅಲ್ಲೇ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದೆ.

ಕೆರಿನ್‌ಗೆ ಫೋನ್ ಮಾಡಬೇಕು. ನಾಳೆ.

ಜನವರಿ 10, ಶುಕ್ರವಾರ. ರೆನ್ಮಾರ್ಕ್.

ಅಪ್ಪ ಬಸ್ಸಿನ ಯಜಮಾನರಿಗೆ ಫೋನ್ ಮಾಡಲು ಪಾರ್ಕಿನ ಕಚೇರಿಯ ಮುಂದಿನ ಫೋನ್ ಬೂತಿಗೆ ಹೋದ. ನನ್ನನ್ನು ಕರೆದ. ಯಾಕೆಂದು ಹೇಳಲಿಲ್ಲ. ನಾನು ಗಾಜಿನ ಬಾಗಿಲು ಹಿಡಿದುಕೊಂಡು ನಿಂತೆ.

"ಈ ಟರ್ಮಿನಿಂದ ನಾನು ಓಡಿಸೋಲ್ಲ," ಎಂದ. ಆ ಕಡೆಯವರು ಏನೋ ಕೇಳಿದರು. ಸೊಂಟ ನೋವು, ವಯಸ್ಸು, ಏನು ಬೇಕಾದರೂ ಹೇಳಬಹುದಿತ್ತು. ಅಪ್ಪ ನನ್ನನ್ನು ನೋಡಿದ. "ಎಡಗಡೆ ಇರೋದು ಏನೂ ಕಾಣಲ್ಲ. ಅಕ್ಟೋಬರ್‌ನಿಂದ. ಹೌದು. ಹೌದು, ಮಕ್ಕಳಿದ್ದಾಗಲೂ. ನೀವು ಹೇಳೋದು ಸರಿ. ಅವರ ಮನೆಯವರಿಗೂ ನಾನೇ ಹೇಳ್ತೀನಿ."

ಫೋನ್ ಇಟ್ಟ. ಇಡುವಾಗ ಕೊಕ್ಕೆ ತಪ್ಪಿತು. ನಾನು ಸರಿಯಾಗಿ ಇಟ್ಟೆ.

ವಾಪಸು ಬರುವಾಗ ಅವನು ಹೇಳಿದ: "ನೀನು ಉತ್ತರಪತ್ರಿಕೆ ಮೇಲೆ ಬರೆದದ್ದನ್ನ ನಿಮ್ಮ ಮೇಷ್ಟ್ರು ನನಗೆ ತೋರಿಸಿದ್ರು."

"ಗೊತ್ತು."

"ಕಾಗುಣಿತ ತಪ್ಪು ಒಂದೂ ಇರಲಿಲ್ಲ."

ಸಂಜೆ ಅಮ್ಮ ನನ್ನ ತಟ್ಟೆಗೆ ಎರಡು ಸಾಸೇಜ್ ಹಾಕಿದಳು. "ನನ್ನ ಕೋಪ ಇನ್ನೂ ಹೋಗಿಲ್ಲ," ಎಂದಳು. "ಆದ್ರೂ ತಿನ್ನು." ಆಮೇಲೆ ಸ್ಟಿಯರಿಂಗಿನ ತಳ ಹಿಡಿದವಳ ಹಾಗೆ ಕೈ ಮಾಡಿ, "ಎಡಕ್ಕೆ ಹೋಗಬೇಕಾದ್ರೆ ಎಡಕ್ಕೇ ಅಲ್ವಾ?" ಎಂದು ಕೇಳಿದಳು.

ಜನವರಿ 12, ಭಾನುವಾರ. ಊಯೆನ್.

ಎರಡು ದಿನದ ದಾರಿ. ಅಮ್ಮ ಗಂಟೆಗೆ ಎಪ್ಪತ್ತು ಕಿಲೋಮೀಟರ್ ದಾಟುವುದಿಲ್ಲ. ಹಿಂದೆ ಲಾರಿಗಳ ಸಾಲು. ಒಬ್ಬ ಹಾರ್ನ್ ಮಾಡಿ ಮಾಡಿ ಕೈ ಸೋತು ಬಿಟ್ಟ. ಯಾರಿಗೂ ಮಾತಾಡುವ ತ್ರಾಣವಿಲ್ಲ. ಅಪ್ಪ ಹಿಂದಿನ ಸೀಟಿನಲ್ಲಿ ಟೆಸ್ ಜೊತೆ ಕೂತು ಚಮಚ ಆಡುತ್ತಾನೆ, ಸೋಲುತ್ತಾನೆ. "ಮೋಸ ಮಾಡಬೇಡ, ನನ್ನ ಎಡಗಡೆ ಇಡ್ತೀಯ," ಎನ್ನುತ್ತಾನೆ. ಟೆಸ್ ಕೇಕೆ ಹಾಕಿ ನಗುತ್ತಾಳೆ.

ಶೌಚದ ಪಕ್ಕದ ಸೈಟು ಈ ಸಲ ಬೇಡವೆಂದೆ. ಮೂವತ್ತೆಂಟು ಹೆಜ್ಜೆ ದೂರದ್ದು ಹಿಡಿದೆವು. ಅಮ್ಮನಿಗೆ ಒಂಬತ್ತು ಸಲ ಬೇಕಾಯಿತು.

ಜನವರಿ 13, ಸೋಮವಾರ. ಡಿಂಬೂಲಾ.

ಕಚೇರಿಯ ಹೆಂಗಸು ನಕ್ಷೆ ತೆಗೆದು, ಪೆನ್ಸಿಲ್ಲಿನಿಂದ ನದಿಯ ದಂಡೆ ತೋರಿಸಿ, "ಇಲ್ಲಿ ಒಳ್ಳೇ ನೆರಳಿದೆ, ಹಿಂದಕ್ಕೆ ತೆಗೆಯೋ ಕಷ್ಟವೂ ಇಲ್ಲ," ಎಂದಳು ಅಪ್ಪನಿಗೆ.

"ಅವಳನ್ನ ಕೇಳಿ," ಎಂದ ಅಪ್ಪ, ನನ್ನನ್ನು ತೋರಿಸಿ.

ನಾನು ಹೋಗಿ ನೋಡಿ ಬಂದೆ. ದಂಡೆಯ ಉದ್ದಕ್ಕೂ ಕೆಂಪು ನೀಲಗಿರಿ. ದಂಡೆಯಿಂದ ಮೇಲೆ, ತೆರೆದ ಜಾಗದಲ್ಲಿ ಆರನೇ ನಂಬರ್. ಬಾಗಿಲು ಪೂರ್ವಕ್ಕೆ. ರಸಮಟ್ಟ ನೆಲಕ್ಕಿಟ್ಟೆ, ಗುಳ್ಳೆ ನಡುವಿನಿಂದ ಕೂದಲೆಳೆ ಆಚೆ, ಒಂದು ಹಲಗೆ ತುಂಡಿಟ್ಟರೆ ಸಾಕು. ನಲವತ್ನಾಲ್ಕು ಹೆಜ್ಜೆ. ಬಿಸಿಲಿದೆ, ಇರಲಿ. ಹಿಂದಕ್ಕೆ ತೆಗೆದು ನಿಲ್ಲಿಸಬೇಕು.

ಅಪ್ಪ ತಾನೇ ಹಿಂದೆ ನಿಂತು ಸನ್ನೆ ಮಾಡುತ್ತೇನೆಂದ. ನಾನು ಅವನನ್ನು ಬಲಗನ್ನಡಿಯಲ್ಲಿ ಕಾಣುವ ಹಾಗೆ ಒಂದು ಕಲ್ಲಿನ ಪಕ್ಕ ನಿಲ್ಲಿಸಿದೆ. ಎಡಮೂಲೆಯಲ್ಲಿ ನಾನು ನಿಂತೆ. ಹದಿನೆಂಟು ವರ್ಷ ಅಮ್ಮನ ಸನ್ನೆಯನ್ನು ನೋಡಿದವನಿಗೆ ಒಂದು ಸನ್ನೆಯೂ ಬರುವುದಿಲ್ಲ. ಹಕ್ಕಿ ಓಡಿಸುವವನ ಹಾಗೆ ಎರಡೂ ಕೈ ಬೀಸುತ್ತಾನೆ.

ಅಮ್ಮ ಕಿಟಕಿಯಿಂದ ತಲೆ ಹೊರಹಾಕಿದಳು. "ಸರಿಯಾಗಿ ಕೈ ತೋರಿಸೋಕೆ ಬರಲ್ವಾ ನಿನಗೆ?"

ಅಷ್ಟೂ ಕುರ್ಚಿಗಳು ನಮ್ಮ ಕಡೆ ತಿರುಗಿದ್ದವು. ಅಪ್ಪ ಕೈ ಇಳಿಸಿ ನೆಟ್ಟಗೆ ನಿಂತ.

"ಕ್ಷಮಿಸು ಗ್ಲೆನ್," ಎಂದ. ಎಲ್ಲರಿಗೂ ಕೇಳುವ ಹಾಗೆ, ದೊಡ್ಡದಾಗಿ. "ನಾನು ಬೇಗ ತೋರಿಸಬೇಕಿತ್ತು."

ಒಂದು ನಿಮಿಷ ಎಂಜಿನ್ ಸುಮ್ಮನೆ ಗುರುಗುಟ್ಟುತ್ತಿತ್ತು. ಆಮೇಲೆ ಅಮ್ಮ ಮುಂದಕ್ಕೆ ಹೋಗಿ, ಮತ್ತೆ ಹಿಂದಕ್ಕೆ ತಂದಳು. ನಾಲ್ಕನೇ ಸಲಕ್ಕೆ ಒಳಗೆ ಬಂತು.

ನಾನು ಚಕ್ರ ಇಳಿಸಿದೆ, ಮರದ ತುಂಡು ಒತ್ತಿಟ್ಟೆ, ನೀರು, ಕರೆಂಟು ಸೇರಿಸಿದೆ. ಟೆಸ್ ಚಮಚವನ್ನು ಮೇಜಿನ ಮೇಲಿಟ್ಟು ನೋಡಿದಳು. ಜಾರಲಿಲ್ಲ. ಅವಳಿಗೆ ಬೇಸರವಾಯಿತು. ಒಲೆಯ ಮೇಲಿನ ಬೀರುವಿನ ಬಾಗಿಲು ಮಾತ್ರ ದಾರಿಯುದ್ದಕ್ಕೂ ಬಡಿದುಕೊಂಡು ಎಲ್ಲರ ತಲೆ ತಿಂದಿತ್ತು. ಸಂದಿಗೆ ಸಿಕ್ಕಿಸಲು ಏನಾದರೂ ಬೇಕಿತ್ತು. ಚೀಲದ ತಳದಲ್ಲಿ ಕೆರಿನ್‌ಳ ಪತ್ರ ಸಿಕ್ಕಿತು. ನಾಲ್ಕು ಮಡಿಕೆ ಮಾಡಿದೆ, ಸಾಲದು, ಎಂಟು ಮಾಡಿದೆ. ಈಗ ಗಟ್ಟಿಯಾಗಿ ಕೂತಿದೆ.

ನಾಳೆ ಮನೆ. ಐದಕ್ಕೆ ಎದ್ದು ಎಲ್ಲ ಮಡಚಬೇಕು. ಸುಸ್ತಾಗಿದೆ.